ಧಾಬಳಿ ಉಟ್ಟ ಮ್ಯಾನೇಜರು

ಕೆಲವರಿಗೆ ಆಫೀಸಿನಲ್ಲಿ ಪ್ರಮೋಷನ್ ಸಿಗುತ್ತೆ, ಕೆಲವರಿಗೆ ಬೆನ್ನುನೋವು ಸಿಗುತ್ತೆ. ನನಗೆ ಮಾತ್ರ ಎಲ್ಲಿ ಕೆಲಸಕ್ಕೆ ಸೇರಿದರೂ ಬಟ್ಟೆಯ ವಿಷಯದಲ್ಲೇ ಒಂದು ಫಜೀತಿ ಕಾದಿರುತ್ತೆ. ಮ್ಯಾನ್‌ಹಟನ್ನಿನ ಬ್ಯಾಂಕೊಂದರಲ್ಲಿ ಇದ್ದಾಗ ನನ್ನ ಟೈ ಲಿಫ್ಟಿನ ಬಾಗಿಲಿಗೆ ಸಿಕ್ಕಿಕೊಂಡಿತ್ತು. ಒಳಗಿದ್ದವರು ಗುಂಡಿ ಒತ್ತಿ ಬಾಗಿಲು ತೆರೆಯೋ ಬದಲು, ಟೈ ಒಳ್ಳೆ ರೇಷ್ಮೆಯದೋ ಏನೋ ಅಂತ ಮುಟ್ಟಿ ನೋಡುತ್ತಿದ್ದರು. ಹೊರಗೆ ನಿಂತಿದ್ದ ನನ್ನ ಕತ್ತಿನ ಯೋಚನೆ ಯಾರಿಗೂ ಇರಲಿಲ್ಲ.

ಆದರೆ ನ್ಯೂಜರ್ಸಿಯ ಮಾರಿಸ್‌ಟೌನಿನ ಆಫೀಸು ಸೇರಿದ ಮೇಲೆ ಆದದ್ದರ ಮುಂದೆ ಅದೆಲ್ಲ ಏನೂ ಅಲ್ಲ. ಹೇಳೋಕೆ ಹೋದರೆ ನಗು ಬರುತ್ತೆ. ಸಾವಿನ ವಿಷಯವನ್ನು ನಗ್ತಾ ನಗ್ತಾ ಹೇಳಬೇಡಿ ಅಂತ ನನ್ನ ಹೆಂಡತಿ ಬೈತಾಳೆ. ನಗದೆ ಹೇಳೋಕೆ ನನಗೆ ಬರಲ್ಲ, ಏನು ಮಾಡಲಿ.

ಹಬ್ಬದ ಶುಭಾಶಯ

ಅದೊಂದು ಇನ್ಶೂರೆನ್ಸ್ ಕಂಪನಿ. ಮೊದಲ ದಿನ ಸೂಟು ಹಾಕಿ, ಟೈ ಬಿಗಿದು ಹೋದೆ. ಅಲ್ಲಿ ನೋಡಿದರೆ ಎಲ್ಲರೂ ಖಾಕಿ ಪ್ಯಾಂಟು, ತೋಳಿಲ್ಲದ ಉಣ್ಣೆ ಜಾಕೆಟ್ಟು. ನನ್ನನ್ನು ಹೊರಗಿಂದ ಬಂದ ಆಡಿಟರ್ ಅಂದುಕೊಂಡು ಮಧ್ಯಾಹ್ನದವರೆಗೆ ಯಾರೂ ಹತ್ತಿರ ಸುಳಿಯಲಿಲ್ಲ. ಮಾರನೆಯ ದಿನ ನಾನೂ ಖಾಕಿಗೆ ಇಳಿದೆ, ಆಮೇಲೆ ಕಾಫಿಗೆ ಕರೆದರು.

ಗುರುವಾರ ಬೆಳಿಗ್ಗೆ ನಮ್ಮ ಮ್ಯಾನೇಜರು ಕಿಲ್ಟ್ ಉಟ್ಟುಕೊಂಡು ಬಂದರು. ಕಿಲ್ಟ್ ಅಂದರೆ ಸ್ಕಾಟ್ಲೆಂಡ್ ಕಡೆಯ ಗಂಡಸರು ಉಡೋ ಚೌಕುಳಿ ಉಣ್ಣೆ ಬಟ್ಟೆ. ಸೊಂಟದಿಂದ ಮೊಣಕಾಲಿನವರೆಗೆ ಬರುತ್ತೆ, ಹಿಂದುಗಡೆ ಒತ್ತೊತ್ತಾಗಿ ನೆರಿಗೆ. ಅದರ ಮೇಲೆ ಕಪ್ಪು ಕೋಟು, ಕೆಳಗೆ ಮೊಣಕಾಲುದ್ದದ ಸಾಕ್ಸು. ಮನುಷ್ಯ ಆರಡಿ ಮೇಲಿದ್ದಾರೆ, ನರೆತ ಗಡ್ಡ, ಅಗಲವಾದ ಎದೆ. ನೋಡೋಕೆ ರಾಜಗಾಂಭೀರ್ಯ. ಆಫೀಸಿನಲ್ಲಿ ಒಬ್ಬರೂ ತಲೆ ಎತ್ತಿ ನೋಡಲಿಲ್ಲ.

ದೀಪಾವಳಿಗೆ ನಾವು ಜುಬ್ಬ ಹಾಕಿಕೊಂಡು ಬರಲ್ಲವಾ, ಹಾಗೇ ಇವರದ್ದೂ ಏನೋ ಹಬ್ಬ ಇರಬೇಕು, ಹೊಸಬನಾದ ನಾನು ಗೌರವ ತೋರಿಸದಿದ್ದರೆ ತಪ್ಪಾಗುತ್ತೆ ಅಂತ ನನಗೆ ಅನ್ನಿಸಿತು. ಎದ್ದು ಹೋಗಿ ಕೈ ಕುಲುಕಿದೆ. ಹಬ್ಬದ ಶುಭಾಶಯ ಹೇಳಿ, ಮನೆಯವರಿಗೆಲ್ಲ ತಿಳಿಸಿ ಅಂದೆ. ಅಷ್ಟಕ್ಕೆ ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು. ಇವತ್ತು ಊಟಕ್ಕೆ ಏನು ವಿಶೇಷ ಅಂತಲೂ ಕೇಳಿದೆ.

ಅವರು ಸ್ವಲ್ಪ ಯೋಚನೆ ಮಾಡಿ, "ಸ್ಯಾಂಡ್‌ವಿಚ್ ಇರುತ್ತೆ ಅಂತ ಕಾಣುತ್ತೆ. ಸ್ಮಶಾನದಿಂದ ಬಂದ ಮೇಲೆ," ಅಂದರು.

ವಿಷಯ ಏನಪ್ಪಾ ಅಂದರೆ, ಅವರು ಬ್ಯಾಗ್‌ಪೈಪ್ ನುಡಿಸುತ್ತಿದ್ದರು. ಕಂಕುಳಲ್ಲಿ ಒಂದು ಚೀಲ ಇಟ್ಟುಕೊಂಡು ಊದೋ ವಾದ್ಯ. ಈ ಕಡೆ ಬೆಂಕಿ ಆರಿಸೋ ಇಲಾಖೆಯವರು ಯಾರೇ ತೀರಿಕೊಂಡರೂ ಮಣ್ಣು ಮಾಡುವಾಗ ಅದನ್ನು ನುಡಿಸಬೇಕು. ಅವರ ಅಪ್ಪ ಅದೇ ಇಲಾಖೆಯಲ್ಲಿದ್ದವರು, ಅಪ್ಪನಿಂದಲೇ ಮಗ ಕಲಿತಿದ್ದರು. ಸಾವಿನ ದಿನ ಬೆಳಗಿನ ಮೀಟಿಂಗನ್ನು ಕಿಲ್ಟಿನಲ್ಲೇ ಮುಗಿಸಿ, ಸ್ಮಶಾನಕ್ಕೆ ಹೋಗಿ ನುಡಿಸಿ, ಮಧ್ಯಾಹ್ನ ವಾಪಸ್ ಬಂದು ಇಮೇಲ್ ನೋಡೋದು ಅವರ ಪದ್ಧತಿ.

ನಾನು ನೆಲ ಬಿರಿದು ಒಳಗೆ ಹೋಗಬಾರದಾ ಅನ್ನೋ ಹಾಗೆ ನಿಂತಿದ್ದೆ. ಅವರು ನನ್ನ ಬೆನ್ನು ತಟ್ಟಿ, ಪರವಾಗಿಲ್ಲ, ನಿಮ್ಮ ಶುಭಾಶಯವನ್ನು ತೀರಿಕೊಂಡವರ ಹೆಂಡತಿಗೆ ಖಂಡಿತ ತಿಳಿಸ್ತೀನಿ ಅಂದರು. ತಮಾಷೆಗೆ ಅಂದರು ಅಂದುಕೊಂಡೆ. ಮುಂದಿನ ವಾರ ಆ ಹೆಂಗಸಿನಿಂದ ನನ್ನ ಹೆಸರಿಗೆ ಥ್ಯಾಂಕ್ಯೂ ಕಾರ್ಡು ಬಂತು.

ಯುಗಾದಿಯ ಸಂತಾಪ

ನನ್ನ ಪಕ್ಕದ ಕ್ಯೂಬಿಕಲ್ಲಿನಲ್ಲಿ ಒಬ್ಬ ಧಾರವಾಡದ ಸ್ನೇಹಿತರಿದ್ದರು. ನನಗಿಂತ ಚಿಕ್ಕವರಾದರೂ ಇಬ್ಬರೂ ರೀ ಹಾಕಿಯೇ ಮಾತಾಡೋದು. ಮ್ಯಾನೇಜರು ಕಿಲ್ಟ್ ಉಟ್ಟು ಬಂದ ದಿನ ಇವರು ಕಂಪ್ಯೂಟರಿನ ಮುಂದೆ ಕೈ ಕಟ್ಟಿ ಕೂರುತ್ತಿದ್ದರು. "ಇವತ್ತ ಏನೂ ಮುಟ್ಟಬ್ಯಾಡ್ರೀ. ಸಾಹೇಬ್ರು ಉಟಗೊಂಡ ಬಂದಾರ," ಅನ್ನೋರು. ಹೊಸ ಸಾಫ್ಟ್‌ವೇರ್ ಬಿಡುಗಡೆ ಆ ದಿನ ಬಿದ್ದರೆ ಏನಾದರೊಂದು ನೆಪ ತೆಗೆದು ಮುಂದಕ್ಕೆ ಹಾಕೋರು. ನಾನು ಅದನ್ನೆಲ್ಲ ನಂಬಲ್ಲ. ಆದರೂ ನಾನೂ ಮುಟ್ಟುತ್ತಿರಲಿಲ್ಲ.

ಒಂದು ಯುಗಾದಿಯ ದಿನ ಈ ಸ್ನೇಹಿತರು ಜರಿ ಅಂಚಿನ ಪಂಚೆ ಉಟ್ಟು, ಬಿಳಿ ಜುಬ್ಬ ಹಾಕಿಕೊಂಡು ಆಫೀಸಿಗೆ ಬಂದರು. ಸಾಯಂಕಾಲ ಅಲ್ಲಿಂದ ನೇರ ದೇವಸ್ಥಾನಕ್ಕೆ ಹೋಗಬೇಕು ಅಂತ ಅವರ ಹೆಂಡತಿಯ ಕಟ್ಟಪ್ಪಣೆ. ಕೈಯಲ್ಲಿ ಬೇವುಬೆಲ್ಲದ ಡಬ್ಬಿ. ಬಾಗಿಲಲ್ಲೇ ಮ್ಯಾನೇಜರು ಎದುರಾದರು. ಇವರನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ನಮ್ಮ ಆಫೀಸಿನಲ್ಲಿ ಗಂಡಸರು ಪ್ಯಾಂಟ್ ಬಿಟ್ಟು ಬೇರೆ ಏನಾದರೂ ಉಟ್ಟರು ಅಂದರೆ ಅದಕ್ಕೆ ಒಂದೇ ಅರ್ಥ. ಮೆಲ್ಲಗೆ ಹೆಗಲ ಮೇಲೆ ಕೈ ಇಟ್ಟು, "ಯಾರು?" ಅಂತ ಕೇಳಿದರು.

ಹಬ್ಬ ಯಾರ್ಯಾರು ಮಾಡ್ತಾರೆ ಅಂತ ಕೇಳ್ತಿದ್ದಾರೆ ಅಂತ ಇವರು ತಿಳಿದರು. ಖುಷಿಯಿಂದ, "ಎಲ್ಲರೂ. ನಮ್ಮ ಮನೆಯವರೆಲ್ಲರೂ," ಅಂದರು.

ಮ್ಯಾನೇಜರ ಮುಖದಲ್ಲಿ ರಕ್ತ ಇಳಿದುಹೋಯಿತು. ಇವರನ್ನು ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಬಿಳಿ ಲಿಲ್ಲಿ ಹೂವು ಬಂತು, ಇಡೀ ಮಹಡಿಯವರು ಸಹಿ ಮಾಡಿದ ಸಂತಾಪದ ಕಾರ್ಡು ಬಂತು. ಡಬ್ಬಿಯಲ್ಲಿದ್ದದ್ದು ಸಾವಿನ ಮನೆಯ ಪ್ರಸಾದ ಅಂದುಕೊಂಡು ಒಬ್ಬೊಬ್ಬರೂ ತಲೆ ತಗ್ಗಿಸಿ ಒಂದೊಂದು ಚಿಟಿಕೆ ತಿಂದರು. ಬೇವು ಬಾಯಿಗೆ ಹೋದ ಕೂಡಲೇ ರಿಸೆಪ್ಷನಿಸ್ಟ್ ಹೆಂಗಸಿನ ಕಣ್ಣಲ್ಲಿ ನೀರು ಬಂತು. ನಿಮ್ಮ ದುಃಖ ಎಂಥದ್ದು ಅಂತ ಇದರ ರುಚಿಯಲ್ಲೇ ಗೊತ್ತಾಯಿತು ಅಂದರು.

ನನಗೆ ತಡೆಯಲಾಗಲಿಲ್ಲ. ಪಕ್ಕಕ್ಕೆ ಕರೆದು, ಇವತ್ತು ಹಬ್ಬ, ಯಾರೂ ಸತ್ತಿಲ್ಲ ಅಂತ ಹೇಳಬಾರದಾ ಮಾರಾಯರೇ ಅಂದೆ.

"ಹೇಳಾಕ ಬಾಯಿ ತಗದೆ ರೀ," ಅಂದರು. "ಅಷ್ಟರಾಗ ವಾರಪೂರ್ತಿ ರಜಾ ತಗೋರಿ ಅಂದಬಿಟ್ರು."

ಗರಾಜಿನಲ್ಲಿ ಸ್ನಾನ

ಆ ವರ್ಷ ಚಳಿ ಶುರುವಾಗೋ ಹೊತ್ತಿಗೆ ಮ್ಯಾನೇಜರು ಮೆಟ್ಟಿಲು ಹತ್ತೋದು ಬಿಟ್ಟರು. ಮೀಟಿಂಗಿನಲ್ಲಿ ಒಂದು ವಾಕ್ಯ ಮುಗಿಸೋಕೆ ಎರಡು ಸಲ ನಿಲ್ಲೋರು. ಒಂದು ದಿನ ಕಿಲ್ಟ್ ಉಟ್ಟು ನನ್ನ ಹತ್ತಿರ ಬಂದು, ಬಾಸ್ಕಿಂಗ್ ರಿಡ್ಜ್ ಹತ್ತಿರದ ಸ್ಮಶಾನಕ್ಕೆ ಹೋಗಬೇಕು, ಡ್ರೈವ್ ಮಾಡ್ತೀರಾ ಅಂತ ಕೇಳಿದರು. ನನ್ನ ಮನೆ ಆ ಕಡೆಯೇ. ಹೊರಟೆ.

ಅವರು ನುಡಿಸೋದನ್ನು ನಾನು ಕೇಳಿದ್ದು ಅದೇ ಮೊದಲು. ಎದೆ ಹಿಂಡೋ ಅಂಥ ಸದ್ದು. ಹಾಡಿನ ನಡುವೆ ಒಂದು ಕಡೆ ತಟ್ಟನೆ ನಿಂತಿತು. ಜನ ಅದು ಹಾಡಿನ ಭಾಗವೇ ಇರಬೇಕು ಅಂದುಕೊಂಡು ಇನ್ನಷ್ಟು ತಲೆ ತಗ್ಗಿಸಿದರು. ನಾನು ಹತ್ತಿರ ಇದ್ದೆ, ಅವರ ತುಟಿ ನೀಲಿಗಟ್ಟಿದ್ದು ನನಗೆ ಕಾಣಿಸಿತು. ಮತ್ತೆ ಹೇಗೋ ಉಸಿರು ಹಿಡಿದು ಮುಗಿಸಿದರು.

ಕಾರಿನಲ್ಲಿ ಹೇಳಿದರು. ಶ್ವಾಸಕೋಶ ಒಳಗಿಂದ ಗಟ್ಟಿಯಾಗ್ತಾ ಹೋಗೋ ಕಾಯಿಲೆ. ವಾಸಿಯಾಗಲ್ಲ. ಕಸಿ ಮಾಡೋದಕ್ಕೂ ಹೃದಯ ತಡೆಯಲ್ಲ ಅಂದಿದ್ದಾರೆ. ಊದಿದರೆ ಇನ್ನೂ ಬೇಗ ಹೋಗ್ತೀರಿ ಅಂತ ಡಾಕ್ಟರು ಬೈದಿದ್ದಾರೆ.

"ಇನ್ನು ಯಾರಿಗೂ ನುಡಿಸಲ್ಲ. ಒಬ್ಬರಿಗೆ ಮಾತ್ರ ಬಾಕಿ ಇದೆ," ಅಂದರು. "ನಮ್ಮಪ್ಪನಿಗೆ. ತೊಂಬತ್ತು ದಾಟಿದೆ, ನರ್ಸಿಂಗ್ ಹೋಮಿನಲ್ಲಿದ್ದಾರೆ. ಅವರ ಅಪ್ಪನಿಗೆ ಅವರು ನುಡಿಸಿದ್ದರು. ಅವರಿಗೆ ನಾನು ನುಡಿಸ್ತೀನಿ ಅಂತ ಮಾತು ಕೊಟ್ಟಿದ್ದೀನಿ. ಅಲ್ಲಿಯವರೆಗೆ ಉಸಿರು ಉಳಿಸಿಕೊಂಡರೆ ಸಾಕು. ನನಗೆ ಹೀಗಾಗಿದೆ ಅಂತ ಅವರಿಗೆ ಗೊತ್ತಿಲ್ಲ. ಗೊತ್ತಾಗಬಾರದು."

ಅಯ್ಯೋ ಪಾಪ ಅನ್ನಿಸಿತು. ಬನ್ನಿ, ಮನೆ ಇಲ್ಲೇ, ಬಿಸಿ ಕಾಫಿ ಕುಡಿದು ಹೋಗೋಣ ಅಂದೆ. ನಮಗೆ ಮಾತು ಬಾರದಾಗ ಕಾಫಿ ಅಂತ ಒಂದಿದೆಯಲ್ಲ.

ನಮ್ಮ ಅತ್ತೆ ನಮ್ಮ ಜೊತೆಯಲ್ಲೇ ಇರೋದು. ಮೈಸೂರಿನವರು, ಮಡಿ ಅಂದರೆ ಮಡಿ. ಕಾರು ನಿಲ್ಲಿಸೋ ಗರಾಜಿನಿಂದ ಮನೆಯೊಳಗೆ ಹೋಗೋ ಬಾಗಿಲಲ್ಲಿ ನಿಂತು, "ಅಳಿಯಂದ್ರೇ, ಎಲ್ಲಿಂದ ಬರ್ತಾ ಇದ್ದೀರಿ?" ಅಂತ ಕೇಳಿದರು. ಸುಳ್ಳು ಹೇಳಬಹುದಿತ್ತು. ಶೂಗೆ ಸ್ಮಶಾನದ ಮಣ್ಣು ಮೆತ್ತಿತ್ತು. ಅಲ್ಲೇ ನಿಲ್ಲಿ ಅಂದವರೇ ಒಳಗೆ ಹೋಗಿ ಬಕೆಟ್ಟಿನಲ್ಲಿ ನೀರು, ಒಂದು ಟವೆಲ್ ತಂದಿಟ್ಟರು. ಗರಾಜಿನಲ್ಲೇ ತಲೆಗೆ ನೀರು ಹಾಕಿಕೊಂಡು ಬರಬೇಕಂತೆ. ಹೊರಗೆ ಚಳಿಗೆ ಹಲ್ಲು ಕಟಕಟ ಅನ್ನುತ್ತಿದೆ. ಇವರೂ ಅಲ್ಲಿಂದಲೇ ಬಂದಿದ್ದಾರಲ್ಲ, ಇವರಿಗೂ ಒಂದು ಬಕೆಟ್ ಕೊಡಿ ಅಂತ ನಾನು ಮ್ಯಾನೇಜರ ಕಡೆ ಕೈ ತೋರಿಸಿದೆ.

ಅತ್ತೆ ಕನ್ನಡಕ ಸರಿ ಮಾಡಿಕೊಂಡು ಮ್ಯಾನೇಜರ ಕಿಲ್ಟಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದರು. ಉಣ್ಣೆ, ಅಪ್ಪಟ ಉಣ್ಣೆ. ಅವರ ಮುಖ ಅರಳಿತು. ನಮ್ಮ ಕಡೆ ಹಳೆಯ ಕಾಲದವರು ಮಡಿಗೆ ಉಡುತ್ತಿದ್ದದ್ದು ಉಣ್ಣೆಯ ಧಾಬಳಿ. ಅದಕ್ಕೆ ಮೈಲಿಗೆ ಇಲ್ಲ ಅಂತ ಅವರ ನಂಬಿಕೆ. "ಇವರು ಧಾಬಳಿ ಉಟ್ಟಿದ್ದಾರೆ. ಇವರಿಗೆ ಏನೂ ತಟ್ಟಲ್ಲ. ಒಳಗೆ ಕರ್ಕೊಂಡು ಬಾರೆ," ಅಂತ ಮಗಳನ್ನು ಕೂಗಿದರು.

ಸ್ಮಶಾನದಲ್ಲಿ ನಿಂತು ನುಡಿಸಿ ಬಂದವರು ಒಳಗೆ ಬೆಚ್ಚಗೆ ಕೂತು ಕಾಫಿ ಕುಡೀತಾ ಚಕ್ಕುಲಿ ತಿಂತಾ ಇದ್ದಾರೆ. ಕಾರು ಓಡಿಸಿದ ತಪ್ಪಿಗೆ ನಾನು ಗರಾಜಿನಲ್ಲಿ ಟವೆಲ್ ಸುತ್ತಿಕೊಂಡು ನಡುಗ್ತಾ ಇದ್ದೀನಿ. ಅವರು ಬಾಗಿಲ ಸಂದಿಯಿಂದ ನನ್ನನ್ನು ನೋಡಿ, ಇವರು ಏನು ತಪ್ಪು ಮಾಡಿದರು ಅಂತ ನನ್ನ ಹೆಂಡತಿಯನ್ನು ಕೇಳಿದರು. ಅವಳು ಅದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದಳು.

"ಇನ್ನೇನು ಮತ್ತೆ," ಅಂದರು ಅತ್ತೆ. "ಆಫೀಸಿಗೆ ಹೋಗೋವಾಗ ಇವರ ಹಾಗೆ ನೆಟ್ಟಗೆ ಬಟ್ಟೆ ಉಟ್ಕೊಂಡು ಹೋಗ್ಬೇಕು ಅಂತ ಹೇಳು."

ಪ್ರಾಣಿ ಹಿಡಿಯೋರು

ಊದೋದು ಪೂರ್ತಿ ಬಿಟ್ಟರೆ ತುಟಿಯ ಹಿಡಿತ ಹೋಗುತ್ತೆ, ಬೆರಳು ಮರೆತುಬಿಡುತ್ತೆ. ಹಾಗಾಗಿ ಮ್ಯಾನೇಜರು ಊಟದ ಬಿಡುವಿನಲ್ಲಿ ಪಾರ್ಕಿಂಗ್ ಕಟ್ಟಡದ ಕೆಳಮಹಡಿಗೆ ಹೋಗಿ ಸ್ವಲ್ಪ ಸ್ವಲ್ಪ ನುಡಿಸೋರು. ಅಷ್ಟು ಹೊತ್ತಿಗೆ ಮೂಗಿಗೆ ಆಕ್ಸಿಜನ್ ಕೊಳವೆ ಬಂದಿತ್ತು, ಹೆಗಲಲ್ಲಿ ಅದರ ಮಶೀನು. ಒಬ್ಬರೇ ಹೋಗಿ ಅಲ್ಲೇ ಬಿದ್ದುಬಿಟ್ಟರೆ ಅಂತ ನಾನೂ ಧಾರವಾಡದವರೂ ಜೊತೆಗೆ ಹೋಗುತ್ತಿದ್ದೆವು.

ಆ ವಾದ್ಯದಲ್ಲಿ ಹಾಡು ನುಡಿಸೋಕೆ ಒಂದು ಕೊಳವೆ, ಹೆಗಲ ಮೇಲೆ ನಿಂತಿರೋ ಮೂರು ಉದ್ದ ಕೊಳವೆ ಬರೀ ಶ್ರುತಿಗೆ. ಉಸಿರು ಜಾಸ್ತಿ ತಿನ್ನೋದು ಈ ಮೂರು ಅಂತ ಅವರು ಒಂದು ದಿನ ಹೇಳಿದರು. ಧಾರವಾಡದವರು ಚಿಕ್ಕಂದಿನಲ್ಲಿ ಹಿಂದೂಸ್ತಾನಿ ಕಲಿತವರು. "ಶ್ರುತಿಗ್ಯಾಕ ಉಸಿರ ಹಾಳ ಮಾಡ್ತೀರಿ? ನನ್ನ ಕಡೆ ಪೆಟ್ಟಿಗಿ ಅದ," ಅಂದು ಮಾರನೆಯ ದಿನ ತಮ್ಮ ಎಲೆಕ್ಟ್ರಾನಿಕ್ ತಂಬೂರಿ ತಂದರು. ಮೂರು ಕೊಳವೆಗೂ ಬಿರಡೆ ಜಡಿದರು. ಪೆಟ್ಟಿಗೆಯ ತಿರುಪು ತಿರುಗಿಸಿ ತಿರುಗಿಸಿ ಶ್ರುತಿ ಹೊಂದಿಸಿದರು. ಬಾಯಿಗೆ ಇನ್ನೂ ಹಗುರ ಆಗಲಿ ಅಂತ ಮ್ಯಾನೇಜರು ಹಾಡಿನ ಕೊಳವೆಗೆ ಮೆತ್ತನೆಯ ರೀಡ್, ಅಂದರೆ ಉಸಿರಿಗೆ ಅದುರೋ ಜೊಂಡಿನ ಪಟ್ಟಿ, ಹಾಕಿಸಿಕೊಂಡು ಬಂದರು.

ಕೆಲಸ ಮಾಡಿತು. ತಂಬೂರಿಯ ಗುಂಯ್ ಗುಂಯ್ ಮೇಲೆ ಸ್ಕಾಟ್ಲೆಂಡಿನ ಸಾವಿನ ಹಾಡು. ನಮ್ಮ ಧಾರವಾಡದವರಿಗೆ ಶ್ರುತಿ ಕಿವಿಗೆ ಬಿದ್ದರೆ ಸುಮ್ಮನಿರೋಕೆ ಆಗಲ್ಲ, ಕಣ್ಣು ಮುಚ್ಚಿ, ಗಾಳಿಯಲ್ಲಿ ಕೈ ಆಡಿಸುತ್ತಾ ತಾವೂ ಒಂದು ಆಲಾಪ ಎತ್ತಿಕೊಂಡರು. ಆ ಕಾಂಕ್ರೀಟು ಮಹಡಿಯಲ್ಲಿ ಅದು ಹೇಗೆ ಗುಡುಗಿತು ಅಂತೀರಿ. ಮ್ಯಾನೇಜರಿಗೆ ನಗು ಬಂತು, ನಗು ಬಂದು ಕೆಮ್ಮು ಬಂತು, ಕೆಮ್ಮಿನ ನಡುವೆ ಪೈಪು ಒಂದು ಸಲ ಕಿರ್ರೋ ಅಂತ ಕಿರುಚಿಕೊಂಡಿತು.

ಮೇಲಿನ ಮಹಡಿಯಲ್ಲಿ ಯಾರೋ ಪುಣ್ಯಾತ್ಮರು ಟೌನಿನ ಪ್ರಾಣಿ ಹಿಡಿಯೋ ಇಲಾಖೆಗೆ ಫೋನ್ ಮಾಡಿ, ಕೆಳಗೆ ಏನೋ ಪ್ರಾಣಿ ಸಿಕ್ಕಿಹಾಕಿಕೊಂಡು ನರಳ್ತಾ ಇದೆ ಅಂದುಬಿಟ್ಟಿದ್ದರು. ಸ್ವಲ್ಪ ಹೊತ್ತಿಗೆ ದಪ್ಪ ಕೈಗವಸು ಹಾಕಿಕೊಂಡು, ಉದ್ದ ಕೋಲಿನ ಬಲೆ ಹಿಡಿದುಕೊಂಡು ಒಬ್ಬ ಹೆಂಗಸು ಬಂದರು. ಬಂದವರು ನೋಡಿದ್ದೇನು? ಮೂಗಿಗೆ ಕೊಳವೆ ಹಾಕಿಕೊಂಡು ಕಂಕುಳಲ್ಲಿ ಚೀಲ ಹಿಸುಕುತ್ತಿರುವ ಖಾಕಿ ಪ್ಯಾಂಟಿನ ಮನುಷ್ಯ, ಕಣ್ಣು ಮುಚ್ಚಿ ಆ ಆ ಅನ್ನುತ್ತಿರುವ ಇನ್ನೊಬ್ಬ, ಪೆಟ್ಟಿಗೆ ತಬ್ಬಿಕೊಂಡು ನಿಂತ ನಾನು.

ಅವರು ಗಾಬರಿಯಾಗಲಿಲ್ಲ. ಜರ್ಸಿಯವರು, ಎಂಥೆಂಥದ್ದೋ ನೋಡಿರುತ್ತಾರೆ. ಯಾವುದೋ ಸಾಯ್ತಾ ಇದೆ ಅಂತ ಕಂಪ್ಲೇಂಟ್ ಬಂದಿದೆ, ಯಾವುದು ಅಂತ ಕೇಳಿದರು.

ಮ್ಯಾನೇಜರು ಕೈ ಎತ್ತಿ, "ನಾನೇ," ಅಂದರು.

ಆ ಹೆಂಗಸು ಬಲೆ ಕೆಳಗಿಳಿಸಿ, ಕ್ಷಮಿಸಿ, ಮನುಷ್ಯರನ್ನು ಹಿಡಿದುಕೊಂಡು ಹೋಗೋ ಅಧಿಕಾರ ನಮಗಿಲ್ಲ ಅಂದು ಹೊರಟುಹೋದರು.

ಎರಡು ದೀಪ

ಚಳಿಗಾಲ ಪೂರ್ತಿ ಒಂದೇ ಕಥೆ. ನರ್ಸಿಂಗ್ ಹೋಮಿನಿಂದ ಫೋನ್ ಬರುತ್ತೆ, ನಿಮ್ಮ ತಂದೆಗೆ ಇವತ್ತು ಕಷ್ಟ ಅಂತಾರೆ. ಸುದ್ದಿ ಬಂದ ಕೂಡಲೇ ಹೊರಡೋಕೆ ಅಂತ ಮ್ಯಾನೇಜರು ಕಿಲ್ಟ್ ಉಟ್ಟು ಆಫೀಸಿಗೆ ಬಂದು, ಫೋನು ಎದುರಿಗಿಟ್ಟುಕೊಂಡು ಕೂರ್ತಾರೆ. ಮಧ್ಯಾಹ್ನ ಇನ್ನೊಂದು ಫೋನು ಬರುತ್ತೆ, ಈಗ ಸುಧಾರಿಸಿದ್ದಾರೆ, ಐಸ್‌ಕ್ರೀಮ್ ಕೇಳ್ತಿದ್ದಾರೆ ಅಂತಾರೆ.

ಹೀಗೆ ನಾಲ್ಕೈದು ಸಲ ಆದಮೇಲೆ ಎಚ್.ಆರ್.ನಿಂದ ಒಬ್ಬ ಹುಡುಗಿ ಬಂದಳು. ಹೊಸಬಳು, ಮೃದು ಮಾತು. ಸಾವಿನ ದಿನ ಕಿಲ್ಟ್ ಉಟ್ಟು ಬರೋದಕ್ಕೆ ಕಂಪನಿಯ ಅಡ್ಡಿಯಿಲ್ಲ, ಆದರೆ ನಿಮ್ಮ ತಂದೆ ಇನ್ನೂ ಇದ್ದಾರಲ್ಲ ಅಂದಳು. ಇದ್ದಾರೆ ಅಂದರು ಮ್ಯಾನೇಜರು. ಹಾಗಾದರೆ ಇದು ಕ್ಯಾಶುವಲ್ ಉಡುಪು ಆಗುತ್ತೆ, ಕ್ಯಾಶುವಲ್ ಶುಕ್ರವಾರ ಮಾತ್ರ ಅಂದಳು. ಅವರು ಬಹಳ ವಿನಯದಿಂದ, ಸಾಧ್ಯವಾದರೆ ಶುಕ್ರವಾರವೇ ಹೋಗಿ ಅಂತ ಅಪ್ಪನಿಗೆ ಹೇಳಿ ನೋಡ್ತೀನಿ ಅಂದರು. ಆ ಹುಡುಗಿ ಅದನ್ನು ಬರೆದುಕೊಳ್ಳೋಕೆ ಪೆನ್ನು ತೆಗೆದಿದ್ದಳು.

ಒಂದು ಸಲ ನಾನೇ ಅವರನ್ನು ಅಪ್ಪನ ಹತ್ತಿರ ಕರೆದುಕೊಂಡು ಹೋದೆ. ರೂಮಿನ ಹೊರಗೇ ಅವರು ಮೂಗಿನ ಕೊಳವೆ ಬಿಚ್ಚಿ, ಮಶೀನು ನನ್ನ ಕೈಗೆ ಕೊಟ್ಟು, ಕೋಟು ಎಳೆದುಕೊಂಡು ನೆಟ್ಟಗೆ ನಿಂತು ಒಳಗೆ ನಡೆದರು. ಮುದುಕರು ಒಂದು ಕಾಲಕ್ಕೆ ದೊಡ್ಡ ಆಸಾಮಿ ಇರಬೇಕು, ಈಗ ಕೈ ಒಂದೊಂದೂ ಒಣ ಸೌದೆಯ ಹಾಗೆ. ಮಗನ ಕಿಲ್ಟ್ ನೋಡಿ, ಇವತ್ತು ಯಾರು ಹೋದದ್ದು ಅಂತ ಕೇಳಿದರು. ಮಗ ಯಾವುದೋ ಹೆಸರು ಹೇಳಿದರು.

"ಎಷ್ಟು ಜನಕ್ಕೆ ಅಂತ ಊದ್ತೀಯ," ಅಂದರು ಮುದುಕರು. "ನನ್ನ ಸರದಿ ಬಂದಾಗ ನಿನಗೆ ಸುಸ್ತಾಗಿರಬಾರದು."

ಹೊರಗೆ ಬಂದು ಮ್ಯಾನೇಜರು ಗೋಡೆ ಹಿಡಿದುಕೊಂಡು ನಿಂತರು. ಕೊಳವೆ ಹಾಕಿಕೊಂಡು ಉಸಿರು ಸಿಗೋಕೆ ತುಂಬಾ ಹೊತ್ತಾಯಿತು. ಸಿಕ್ಕ ಮೇಲೆ ಮೊದಲು ಬಂದ ಮಾತು ಇದು: "ಅಪ್ಪ ಬೇಗ ಹೋಗಲಿ ಅಂತ ಕಾಯ್ತಾ ಇದ್ದೀನಿ. ಎಂಥ ಮಗ ಹೇಳಿ ನಾನು." ನನಗೆ ಅಳು ಬಂತು. ಅವರಿಗೆ ಕಾಣದ ಹಾಗೆ ಮಶೀನಿನ ಗುಂಡಿ ನೋಡುತ್ತಾ ನಿಂತೆ.

ಮನೆಯಲ್ಲಿ ಇನ್ನೊಂದು ಕಥೆ. ಧಾಬಳಿಯವರ ತಂದೆಗೆ ಹುಷಾರಿಲ್ಲ ಅಂತ ನಾನು ಯಾವಾಗಲೋ ಬಾಯಿತಪ್ಪಿ ಅಂದಿದ್ದೆ. ಅತ್ತೆ ಅವತ್ತಿನಿಂದ ದಿನಾ ಬೆಳಿಗ್ಗೆ ಆ ಮುದುಕರ ಆಯುಷ್ಯಕ್ಕೆ ಅಂತ ಒಂದು ತುಪ್ಪದ ದೀಪ ಹಚ್ಚಿ, ಕೂತು ಮಂತ್ರ ಹೇಳುತ್ತಿದ್ದರು. ಮುದುಕರು ಒಂದೊಂದು ಸಲ ಎದ್ದು ಕೂತಾಗಲೂ ಇವರಿಗೆ ಹುರುಪು ಹೆಚ್ಚಾಗುತ್ತಿತ್ತು. ಇಲ್ಲಿ ದೀಪ, ಅಲ್ಲಿ ಐಸ್‌ಕ್ರೀಮ್. ನಾನು ಎಷ್ಟು ದಿನ ಅಂತ ಸಹಿಸಲಿ. ಕೊನೆಗೆ ಒಂದು ದಿನ ಎದುರಿಗೆ ಕೂತು, ಅತ್ತೆ, ದಯವಿಟ್ಟು ಆ ದೀಪವನ್ನು ಮಗನ ಹೆಸರಿಗೆ ಹಚ್ಚಿ ಅಂತ ಬೇಡಿಕೊಂಡೆ. ಎಲ್ಲ ಹೇಳಿದೆ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾರನೆಯ ದಿನ ದೇವರ ಮನೆಯಲ್ಲಿ ಎರಡು ದೀಪ ಉರೀತಾ ಇತ್ತು. ಮುದುಕರದ್ದರಲ್ಲೇ ತುಪ್ಪ ಜಾಸ್ತಿ ಕಂಡಿತು. ಯಾಕೆ ಅಂತ ಕೇಳಿದೆ.

"ವಯಸ್ಸಾದವರು ಅಲ್ವೇ," ಅಂದರು.

ಸೊಂಟದ ಅಳತೆ

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ನರ್ಸಿಂಗ್ ಹೋಮಿನಿಂದ ಮತ್ತೆ ಫೋನ್ ಬಂತಂತೆ. ಮ್ಯಾನೇಜರು ಕಿಲ್ಟ್ ಉಟ್ಟು, ಕೋಟು ಹಾಕಿ, ಸಾಕ್ಸ್ ಏರಿಸಿಕೊಳ್ಳೋಕೆ ಬಗ್ಗಿದವರು ಹಾಗೇ ಮಂಚಕ್ಕೆ ಒರಗಿದರು. ಮತ್ತೆ ಏಳಲಿಲ್ಲ. ಅವರ ಅಕ್ಕ ಆಫೀಸಿಗೆ ಫೋನ್ ಮಾಡಿ ಹೇಳಿದಾಗ ನಾವು, ತಂದೆ ಹೋದರಾ ಅಂತ ಕೇಳಿದೆವು. ಇಲ್ಲ, ತಂದೆ ಸುಧಾರಿಸಿದ್ದಾರೆ ಅಂದರು.

ಧಾರವಾಡದವರು ಮೇಜಿನ ಮೇಲೆ ತಲೆ ಇಟ್ಟು ಬಿಕ್ಕಿ ಬಿಕ್ಕಿ ಅತ್ತರು. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಿಲ್ಲ. ಆ ಮನುಷ್ಯ ಕೇಳಿದ್ದೇ ಒಂದು, ಅದೂ ಆಗಲಿಲ್ಲವಲ್ಲ ಅಂತ.

ಸ್ಮಶಾನದಲ್ಲಿ ಇಲಾಖೆಯ ವಾದ್ಯದವರೆಲ್ಲ ಕಿಲ್ಟಿನಲ್ಲಿ ಸಾಲಾಗಿ ನಿಂತಿದ್ದರು. ಇನ್ನೇನು ಶುರು ಮಾಡಬೇಕು, ಅಷ್ಟರಲ್ಲಿ ನರ್ಸಿಂಗ್ ಹೋಮಿನ ವ್ಯಾನು ಬಂತು. ವೀಲ್‌ಚೇರಿನಲ್ಲಿ ಮುದುಕರನ್ನು ಇಳಿಸಿದರು. ಅವರೂ ಕಿಲ್ಟ್ ಉಟ್ಟಿದ್ದರು. ಎಂದೋ ಹೊಲಿಸಿದ್ದು, ಈಗ ಸೊಂಟಕ್ಕೆ ಎರಡು ಸುತ್ತು ಬಂದಿತ್ತು. ಕೆಳಗೆ ಒಣಗಿದ ಮೊಣಕಾಲು ಚಳಿಗೆ ನೀಲಿಯಾಗಿತ್ತು. ವಾದ್ಯದವರ ಕಡೆ ಕೈ ತೋರಿಸಿ ನಿಲ್ಲಿಸಿದರು. ಇದು ನಮ್ಮ ಮನೆಯ ಕೆಲಸ ಅಂದರು. ಶವಪೆಟ್ಟಿಗೆಯ ಮೇಲಿಟ್ಟಿರೋ ಮಗನ ಪೈಪು ಕೊಡಿ ಅಂದರು.

ಯಾರಿಗೂ ಬೇಡ ಅನ್ನೋ ಧೈರ್ಯ ಬರಲಿಲ್ಲ. ಮೂರು ಕೊಳವೆಗೆ ಬಿರಡೆ ಹಾಕಿದ್ದನ್ನು ಮುದುಕರು ಬೆರಳಿಂದ ಮುಟ್ಟಿ ನೋಡಿದರು. ತುಟಿಗಿಟ್ಟು ಒಂದು ಸಲ ಮೆಲ್ಲಗೆ ಊದಿ, ರೀಡ್ ಎಷ್ಟು ಮೆತ್ತಗಿದೆ ಅಂತ ನೋಡಿದರು. ಆಮೇಲೆ ನುಡಿಸಿದರು. ಅರ್ಧಕ್ಕೆ ಉಸಿರು ಹೋಯಿತು. ಕಾದರು. ಬಿಟ್ಟ ಕಡೆಯಿಂದಲೇ ಮತ್ತೆ ಎತ್ತಿಕೊಂಡರು. ಮತ್ತೆ ಹೋಯಿತು, ಮತ್ತೆ ಕಾದರು. ಅಷ್ಟು ಜನ ನಿಂತಿದ್ದೆವು, ಒಬ್ಬರೂ ಅಲುಗಾಡಲಿಲ್ಲ. ಹಾಡು ಕೊನೆಯವರೆಗೆ ಹೋಯಿತು. ನಾನು ಹುಡುಗರ ಹಾಗೆ ಗೊಳೋ ಅಂತ ಅತ್ತುಬಿಟ್ಟೆ.

ಎಲ್ಲ ಮುಗಿದ ಮೇಲೆ ಮುದುಕರು ನನ್ನನ್ನೂ ಧಾರವಾಡದವರನ್ನೂ ಹತ್ತಿರ ಕರೆದರು. ನಾನು, ನಿಮ್ಮ ಮಗ ನಿಮಗೆ ತಿಳಿಯಬಾರದು ಅಂತ ಹೇಳಿದ್ದರು, ಅದಕ್ಕೇ ನಾವು ಬಾಯಿ ಬಿಡಲಿಲ್ಲ ಅಂತ ತೊದಲಿದೆ.

"ನನಗೆ ಗೊತ್ತಿತ್ತು," ಅಂದರು. "ಜೀವನಪೂರ್ತಿ ಊದಿದವನು ನಾನು. ಅವನು ಬಾಗಿಲಲ್ಲಿ ನಿಂತಾಗಲೇ ಉಸಿರಿನ ಸದ್ದು ಕೇಳಿಸ್ತಿತ್ತು. ನಾನು ಸತ್ತರೆ ಅವನು ಊದ್ತಾನೆ, ಊದಿದರೆ ಅವನು ಉಳಿಯಲ್ಲ. ಅದಕ್ಕೇ ಹೋಗದೆ ತಡೆದುಕೊಂಡಿದ್ದೆ."

ಮಗ ಅಪ್ಪ ಹೋಗಲಿ ಅಂತ ಉಸಿರು ಹಿಡಿದುಕೊಂಡಿದ್ದರು. ಅಪ್ಪ ಮಗ ಉಳಿಯಲಿ ಅಂತ ಉಸಿರು ಹಿಡಿದುಕೊಂಡಿದ್ದರು. ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು, ಇಬ್ಬರೂ ಆಡಲಿಲ್ಲ. ಮ್ಯಾನೇಜರ ಅಕ್ಕ ಬಂದು ಕಂಬಳಿ ಹೊದಿಸಿ, ಹೊರಡೋಣ ಅಪ್ಪಾ ಅಂದರು. ಮುದುಕರು ಕೈಯಲ್ಲಿದ್ದ ಪೈಪನ್ನು ಅವರಿಗೆ ಕೊಡಲಿಲ್ಲ. ಮೊದಲು ಧಾರವಾಡದವರನ್ನು, ಆಮೇಲೆ ನನ್ನನ್ನು, ಅಂಗಡಿಯಲ್ಲಿ ಸಾಮಾನು ನೋಡೋ ಹಾಗೆ ನೋಡಿದರು. ನನ್ನ ಸೊಂಟದ ಅಳತೆ ಎಷ್ಟು ಅಂತ ಕೇಳಿದರು.

ಸೊಂಟ ಮೂವತ್ತೆಂಟು ಅಂದೆ. ಎದೆಯ ಮೇಲೆ ಬೆರಳಿಂದ ಎರಡು ಸಲ ಕುಟ್ಟಿ ನೋಡಿದರು. ಕಾಯಿಲೆ ಇದೆಯಾ ಅಂದರು. ಇಲ್ಲ ಅಂದೆ. ಸಿಗರೇಟು? ಇಲ್ಲ. ಪೈಪನ್ನು ನನ್ನ ಕಂಕುಳಿಗೆ ತುರುಕಿದರು. ಅವರ ಸರದಿಗೆ ನುಡಿಸೋರನ್ನು ಆರಿಸ್ತಾ ಇದ್ದಾರೆ ಅಂತ ನನಗೆ ಆಗ ಅರ್ಥವಾಯಿತು. ಅಯ್ಯೋ ಯಜಮಾನರೇ, ನನಗೆ ಜಾತ್ರೆಯ ಪೀಪಿ ಊದೋಕೂ ಬರಲ್ಲ, ಕಲಿಯೋಕೆ ವರ್ಷಗಟ್ಟಲೆ ಬೇಕು ಅಂದೆ.

"ಪರವಾಗಿಲ್ಲ, ಕಲಿ," ಅಂದರು. "ನಾನು ಕಾಯ್ತೀನಿ."